ರಗ್ಬಿ ಲೀಗ್‌ನ ಸ್ಯಾಲರಿ ಕ್ಯಾಪ್, ಕಳ್ಳ ಲೆಕ್ಕ ಮತ್ತು ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿಗೋ ಬ್ರಿಸ್ಬೇನ್‌ಗೋ ಕೆಲಸಕ್ಕೆ ಹೋದ ಕನ್ನಡಿಗರಿಗೆ ಮೊದಲ ವರ್ಷ ಆಫೀಸಿನ ಸೋಮವಾರದ ಹರಟೆ ಅರ್ಥವೇ ಆಗುವುದಿಲ್ಲ. ಕ್ರಿಕೆಟ್ ಮಾತಾಡೋಣ ಅಂತ ಹೋದರೆ, ಮಾರ್ಚ್‌ನಿಂದ ಅಕ್ಟೋಬರ್ ತನಕ ಅಲ್ಲಿ ನಡೆಯುವುದೆಲ್ಲ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್) ಮಾತು. ಹಳೇ ಅಭಿಮಾನಿಗಳು ವಾದಕ್ಕೆ ನಿಂತರಂತೂ ಆಟಕ್ಕಿಂತ ಜಾಸ್ತಿ 'ಕ್ಯಾಪ್' ವಿಷಯವೇ ಬರುತ್ತದೆ. ಯಾರು ಕದ್ದರು, ಯಾರಿಗೆ ಶಿಕ್ಷೆ ಆಯ್ತು, ಯಾರು ಬಚಾವಾದರು ಅಂತ. ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವು ಕಡೆ ನನ್ನ ಅಭಿಪ್ರಾಯವೂ ಸೇರಿದೆ.

ರಗ್ಬಿ ಲೀಗ್ ಅಂದ್ರೆ ನಮಗೆ ಗೊತ್ತಿರುವ ರಗ್ಬಿನೇ ಅಲ್ವಾ?

ಅಲ್ಲ. ರಗ್ಬಿಯಲ್ಲಿ ಎರಡು ಕವಲು. ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಬೇರೆಯಾದವು. ಕಾರಣ ದುಡ್ಡು. ಗಣಿ, ಗಿರಣಿ ಕೆಲಸ ಬಿಟ್ಟು ಆಡಲು ಬರುವವರಿಗೆ ಆ ದಿನದ ಕೂಲಿ ಕಟ್ಟಿಕೊಡಬೇಕು ಅಂತ ಆ ಕ್ಲಬ್‌ಗಳು ಕೇಳಿದವು, ದೊಡ್ಡವರು ಒಪ್ಪಲಿಲ್ಲ. ಅಂದರೆ ಈ ಆಟ ಹುಟ್ಟಿದ್ದೇ ಸಂಬಳದ ಜಗಳದಲ್ಲಿ. ಈಗ ಇದರ ದೊಡ್ಡ ಲೀಗ್ ಆಸ್ಟ್ರೇಲಿಯಾದ ಎನ್‌ಆರ್‌ಎಲ್. ಇಂಗ್ಲೆಂಡಿನ ಸೂಪರ್ ಲೀಗ್ ಎರಡನೆಯದು. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿತಲ್ಲ, ಅದು ಯೂನಿಯನ್ ಕಡೆಯ ಏಳು ಜನರ ಆಟ. ಇದಕ್ಕೆ ಸಂಬಂಧ ಇಲ್ಲ.

ಸ್ಯಾಲರಿ ಕ್ಯಾಪ್ ಅಂದರೇನು?

ಒಂದು ಕ್ಲಬ್ ಒಂದು ವರ್ಷಕ್ಕೆ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟೇ ಸಂಬಳ ಕೊಡಬಹುದು ಅನ್ನುವ ಮಿತಿ. ಐಪಿಎಲ್ ನೋಡುವವರಿಗೆ ಸುಲಭವಾಗಿ ಅರ್ಥವಾಗುತ್ತದೆ. 2025ರ ಮೆಗಾ ಹರಾಜಿಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ ಇತ್ತು. ಮುಂಬೈಗೂ ಅಷ್ಟೇ, ನಮ್ಮ ಆರ್‌ಸಿಬಿಗೂ ಅಷ್ಟೇ. ಎನ್‌ಆರ್‌ಎಲ್‌ನಲ್ಲಿ 2010ರ ಹೊತ್ತಿಗೆ ಈ ಮಿತಿ ಸುಮಾರು 41 ಲಕ್ಷ ಆಸ್ಟ್ರೇಲಿಯನ್ ಡಾಲರ್. 2023ರಲ್ಲಿ 1.2 ಕೋಟಿ ಡಾಲರ್ ದಾಟಿತು.

ಒಂದು ದೊಡ್ಡ ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಹರಾಜು ಟಿವಿಯಲ್ಲೇ ನಡೆಯುತ್ತದೆ. ಯಾರಿಗೆ ಎಷ್ಟು ಅಂತ ಮನೆಯಲ್ಲಿ ಕೂತು ಕೂಡಿಸಬಹುದು. ಎನ್‌ಆರ್‌ಎಲ್‌ನಲ್ಲಿ ಹರಾಜು ಇಲ್ಲ. ಕ್ಲಬ್ಬು, ಆಟಗಾರ, ಏಜೆಂಟ್ ಮೂವರು ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ಒಪ್ಪಂದದ ಕಾಗದ ಲೀಗ್‌ಗೆ ಹೋಗುತ್ತದೆ. ಜನರಿಗೆ ಸಿಗುವುದು ಪತ್ರಿಕೆಯವರ ಅಂದಾಜು ಮಾತ್ರ. ಮುಂದೆ ಬರುವ ಕಥೆಗಳೆಲ್ಲ ಆ ಮುಚ್ಚಿದ ಬಾಗಿಲಿನ ಹಿಂದೆ ನಡೆದವು.

ಇದು ಯಾವಾಗ ಬಂತು, ಯಾಕೆ ಬೇಕಾಯ್ತು?

1990ರಲ್ಲಿ. ಆಗ ಇನ್ನೂ ಎನ್‌ಆರ್‌ಎಲ್ ಅನ್ನುವ ಹೆಸರೇ ಇರಲಿಲ್ಲ, ಸಿಡ್ನಿ ಮೂಲದ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ನಡೆಸುತ್ತಿತ್ತು. ಒಂದೇ ನಗರದಲ್ಲಿ ಹತ್ತಾರು ಕ್ಲಬ್. ಕೆಲವಕ್ಕೆ ಬೆನ್ನಿಗೆ ದೊಡ್ಡ ಲೀಗ್ಸ್ ಕ್ಲಬ್ ಇತ್ತು. ಬಾರು, ಊಟದ ಹಾಲು, ಸಾಲು ಸಾಲು ಜೂಜಿನ ಯಂತ್ರ. ಅಲ್ಲಿಂದ ದುಡ್ಡು ಹರಿದು ಬರುತ್ತಿತ್ತು. ಕೆಲವಕ್ಕೆ ಅದೂ ಇರಲಿಲ್ಲ. ಹಳೆಯ ನ್ಯೂಟೌನ್ ಕ್ಲಬ್ 1983ರ ಕೊನೆಗೆ ಸಾಲದಲ್ಲಿ ಮುಳುಗಿ ಹೊರಗೆ ಬಿತ್ತು. ಹೀಗೇ ಬಿಟ್ಟರೆ ದುಡ್ಡಿದ್ದವರು ಎಲ್ಲರನ್ನೂ ಕೊಂಡುಕೊಳ್ಳುತ್ತಾರೆ, ಇಲ್ಲದವರು ಅವರನ್ನು ನೋಡಿ ಸಾಲ ಮಾಡಿ ಸಾಯುತ್ತಾರೆ ಅನ್ನುವುದು ಆಡಳಿತದ ಭಯ.

ಹಾಗಾಗಿ ಕ್ಯಾಪ್‌ಗೆ ಎರಡು ಕೆಲಸ. ಒಂದು, ಪೈಪೋಟಿ ಸಮ ಆಗಿರಬೇಕು. ಇನ್ನೊಂದು, ಕ್ಲಬ್ ತನ್ನನ್ನೇ ಮುಳುಗಿಸಿಕೊಳ್ಳಬಾರದು. ಎರಡನೆಯದನ್ನು ಜನ ಮರೆಯುತ್ತಾರೆ.

ದುಡಿಯುವವನ ಸಂಬಳಕ್ಕೆ ಮಿತಿ ಹಾಕುವುದನ್ನು ಕೋರ್ಟ್ ಒಪ್ಪುತ್ತಾ?

ಒಳ್ಳೆ ಪ್ರಶ್ನೆ. 1990ರ ಸುಮಾರಿಗೆ ಲೀಗ್ ಕ್ಯಾಪ್ ಜೊತೆಗೆ ಡ್ರಾಫ್ಟ್ ಅನ್ನೂ ತಂದಿತು. ಅಂದರೆ ಒಪ್ಪಂದ ಮುಗಿದ ಆಟಗಾರ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕ್ಲಬ್‌ಗಳ ಸರದಿ ತೀರ್ಮಾನಿಸುತ್ತದೆ, ಅವನಲ್ಲ. ಆಟಗಾರರು ಕೋರ್ಟಿಗೆ ಹೋದರು. 1991ರಲ್ಲಿ ಫೆಡರಲ್ ಕೋರ್ಟ್‌ನ ಪೂರ್ಣ ಪೀಠ ಡ್ರಾಫ್ಟ್ ಅನ್ನು ಹೊಡೆದುಹಾಕಿತು. ಕೆಲಸ ಎಲ್ಲಿ ಮಾಡಬೇಕು ಅಂತ ಆರಿಸುವ ಹಕ್ಕನ್ನು ಅತಿಯಾಗಿ ಕಟ್ಟಿಹಾಕುತ್ತದೆ ಅಂತ.

ಕ್ಯಾಪ್ ಮಾತ್ರ ಉಳಿಯಿತು. ಈಗ ಅದರ ಮೊತ್ತವನ್ನು ಆಟಗಾರರ ಸಂಘದ ಜೊತೆ ಕೂತು ಮಾತಾಡಿ ಒಪ್ಪಂದ ಮಾಡುತ್ತಾರೆ. ಆಟಗಾರರೇ ಸಹಿ ಹಾಕಿರುವುದರಿಂದ ಅದಕ್ಕೆ ಬಲ ಜಾಸ್ತಿ. ಆದರೂ ದೇಶ ಬಿಟ್ಟು ಹೋಗುವವನನ್ನು ಕ್ಯಾಪ್ ತಡೆಯಲಾರದು. 2008ರಲ್ಲಿ ಸನ್ನಿ ಬಿಲ್ ವಿಲಿಯಮ್ಸ್ ಬುಲ್‌ಡಾಗ್ಸ್ ಕ್ಲಬ್‌ನ ಒಪ್ಪಂದವನ್ನು ಅರ್ಧಕ್ಕೆ ಬಿಟ್ಟು, ಹೇಳದೆ ಕೇಳದೆ ಫ್ರಾನ್ಸಿನ ಟೂಲಾನ್‌ಗೆ ಯೂನಿಯನ್ ಆಡಲು ಹಾರಿದರು.

ಕ್ಲಬ್‌ಗಳು ಕ್ಯಾಪ್ ಮುರಿಯುವುದು ಹೇಗೆ?

ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರಿಜಿಸ್ಟರ್ ಆಫೀಸಿನಲ್ಲಿ ತೋರಿಸುವ ಬೆಲೆ ಒಂದು, ಕೈಗೆ ಕೊಡುವ ದುಡ್ಡು ಇನ್ನೊಂದು. ಇಲ್ಲೂ ಅಷ್ಟೇ. ಲೀಗ್‌ಗೆ ಕಳಿಸುವ ಒಪ್ಪಂದದಲ್ಲಿ ಕಡಿಮೆ ಸಂಬಳ. ಮಿಕ್ಕಿದ್ದು ಬೇರೆ ದಾರಿಯಲ್ಲಿ.

ಆ ಬೇರೆ ದಾರಿಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಪಕ್ಕದ ಪತ್ರ. ಅಧಿಕೃತ ಒಪ್ಪಂದದ ಜೊತೆಗೆ ಗುಟ್ಟಾಗಿ ಇನ್ನೊಂದು ಪತ್ರ ಬರೆದುಕೊಡುವುದು: 'ಇಷ್ಟು ಜಾಸ್ತಿ ಕೊಡುತ್ತೇವೆ'. ಎರಡನೆಯದು ಸುಳ್ಳು ಬಿಲ್ಲು. ಕ್ಲಬ್‌ಗೆ ಸಾಮಾನು ಕೊಡುವವನೊಬ್ಬ ಬಿಲ್ಲನ್ನು ಉಬ್ಬಿಸಿ ಬರೆಯುತ್ತಾನೆ. ಕ್ಲಬ್ ಅಷ್ಟೂ ಪಾವತಿ ಮಾಡುತ್ತದೆ. ಜಾಸ್ತಿ ಬಂದದ್ದು ನಗದಾಗಿ ವಾಪಸ್ ಬಂದು ಆಟಗಾರನ ಕೈ ಸೇರುತ್ತದೆ. ಮೂರನೆಯದು ಹೊರಗಿನವರ ಒಪ್ಪಂದ. ತಲೆನೋವೆಲ್ಲ ಇಲ್ಲೇ ಇರುವುದು.

ಹೊರಗಿನವರ ಒಪ್ಪಂದ ಅಂದರೆ? ಜಾಹೀರಾತು ಮಾಡುವುದೂ ತಪ್ಪಾ?

ತಪ್ಪಲ್ಲ. ಒಬ್ಬ ಆಟಗಾರ ಕಾರ್ ಕಂಪನಿಯ ಜಾಹೀರಾತಿನಲ್ಲಿ ನಿಂತು ದುಡ್ಡು ಗಳಿಸಬಹುದು. ಅದು ಅವನ ಹೆಸರಿಗೆ ಸಿಗುವ ಬೆಲೆ, ಕ್ಯಾಪ್‌ಗೆ ಸೇರುವುದಿಲ್ಲ. ಲೀಗ್‌ನಲ್ಲಿ ನೋಂದಾಯಿಸಬೇಕು, ಅಷ್ಟೇ. ಜೊತೆಗೆ ಒಂದು ಷರತ್ತು: ಆ ವ್ಯವಹಾರದಲ್ಲಿ ಕ್ಲಬ್ ಕೈ ಆಡಿಸಬಾರದು. 'ನಮ್ಮಲ್ಲಿಗೆ ಬಾ, ಹೊರಗಿನಿಂದ ಇಷ್ಟು ಬರುವ ಹಾಗೆ ನಾವು ನೋಡಿಕೊಳ್ಳುತ್ತೇವೆ' ಅಂತ ಕ್ಲಬ್ ಭರವಸೆ ಕೊಟ್ಟ ಕ್ಷಣ ಅದು ಸಂಬಳ ಆಗುತ್ತದೆ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಒಂದು ಊಟದ ಮೇಜಿನಲ್ಲಿ ಕ್ಲಬ್ ಅಧ್ಯಕ್ಷ, ಅವನ ಸ್ನೇಹಿತ ಉದ್ಯಮಿ, ಆಟಗಾರನ ಏಜೆಂಟ್ ಮೂವರೂ ಕೂತಿದ್ದರೆ ಯಾರು ಯಾರಿಗೆ ಏನು ಹೇಳಿದರು ಅಂತ ಸಾಬೀತು ಮಾಡುವುದು ಹೇಗೆ? ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ. ಇನ್ನೊಂದು ತೊಂದರೆಯೂ ಇದೆ. ಪೂರ್ತಿ ಪ್ರಾಮಾಣಿಕವಾಗಿ ನಡೆದರೂ ದೊಡ್ಡ ಊರಿನ ಕ್ಲಬ್‌ಗೆ ಇದರಿಂದ ಲಾಭ. ಬ್ರಿಸ್ಬೇನ್‌ನಲ್ಲಿರುವಷ್ಟು ಕಂಪನಿಗಳು ಕ್ಯಾನ್‌ಬೆರಾದಲ್ಲಿ ಇಲ್ಲ. ಸಮ ಮಾಡಲು ತಂದ ನಿಯಮದಲ್ಲಿ ಲೀಗೇ ಒಂದು ಕಿಟಕಿ ತೆರೆದಿಟ್ಟಿದೆ ಅಂತ ನನಗನಿಸುತ್ತದೆ.

2002ರಲ್ಲಿ ಬುಲ್‌ಡಾಗ್ಸ್‌ಗೆ ಏನಾಯ್ತು?

ಸಿಡ್ನಿಯ ಕ್ಯಾಂಟರ್ಬರಿ ಬುಲ್‌ಡಾಗ್ಸ್ ಆ ವರ್ಷ ಸತತ 17 ಪಂದ್ಯ ಗೆದ್ದು ಪಟ್ಟಿಯ ತುದಿಯಲ್ಲಿತ್ತು. ಫೈನಲ್ಸ್ ಸರಣಿಗೆ, ಅಂದರೆ ಸೀಸನ್ ಕೊನೆಯ ಪ್ಲೇಆಫ್‌ಗೆ, ಕೆಲವೇ ವಾರ ಬಾಕಿ. ಆಗಸ್ಟ್‌ನಲ್ಲಿ ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆ ಕ್ಲಬ್‌ನ ವ್ಯವಹಾರ ಕೆದಕಿತು. ಲಿವರ್‌ಪೂಲ್ ಎಂಬ ಉಪನಗರದ ಒಂದು ದೊಡ್ಡ ಕಟ್ಟಡ ಯೋಜನೆಯ ಜಾಡು ಹಿಡಿದು ಹೋದ ವರದಿಗಾರರಿಗೆ ಆಟಗಾರರ ಗುಟ್ಟಿನ ಪಾವತಿಗಳು ಸಿಕ್ಕವು. ಮೀರಿದ ಮೊತ್ತ 10 ಲಕ್ಷ ಡಾಲರ್‌ಗೂ ಜಾಸ್ತಿ.

ಲೀಗ್ 37 ಪಾಯಿಂಟ್ ಕಿತ್ತುಕೊಂಡಿತು, 5 ಲಕ್ಷ ಡಾಲರ್ ದಂಡ ಹಾಕಿತು. ಮೊದಲ ಸ್ಥಾನದಲ್ಲಿದ್ದ ತಂಡ ಒಂದೇ ದಿನದಲ್ಲಿ ಕೊನೆಗೆ ಬಿತ್ತು. ಲೀಗ್ ಹಂತದ ಮೊದಲ ಸ್ಥಾನ ನ್ಯೂಜಿಲೆಂಡ್‌ನ ವಾರಿಯರ್ಸ್ ಪಾಲಾಯಿತು. ತಮಾಷೆ ನೋಡಿ, ಮೂರೇ ವರ್ಷದಲ್ಲಿ ಅದೇ ವಾರಿಯರ್ಸ್ ಕ್ಯಾಪ್ ಮೀರಿ ಸಿಕ್ಕಿಬಿತ್ತು. 4.3 ಲಕ್ಷ ಡಾಲರ್ ದಂಡ ಕಟ್ಟಿ, 2006ರ ಸೀಸನ್ ಅನ್ನು ಮೈನಸ್ 4 ಪಾಯಿಂಟ್‌ನಿಂದ ಶುರು ಮಾಡಿತು.

ಬುಲ್‌ಡಾಗ್ಸ್ ಶಿಕ್ಷೆಯಲ್ಲಿ ನನಗೆ ಇಷ್ಟವಾಗುವುದು ಅದರ ವೇಗ. ತಪ್ಪು ನಡೆದ ಸೀಸನ್‌ನಲ್ಲೇ ತೀರ್ಪು ಬಂತು, ಫೈನಲ್ಸ್‌ಗೆ ಮೊದಲೇ. ಹಾಗಾಗಿ ಬೇರೆ ತಂಡಗಳಿಗೆ ನಿಜವಾದ ಪರಿಹಾರ ಸಿಕ್ಕಿತು: ಎಂಟು ತಂಡಗಳ ಫೈನಲ್ಸ್‌ನಲ್ಲಿ ಒಂದು ಜಾಗ ಖಾಲಿಯಾಯಿತು, ಆಡಬೇಕಾದವರು ಆಡಿದರು. ಎಂಟು ವರ್ಷದ ಮೇಲೆ ಮೆಲ್ಬರ್ನ್ ವಿಷಯದಲ್ಲಿ ಆ ಅದೃಷ್ಟ ಯಾರಿಗೂ ಇರಲಿಲ್ಲ.

ಮೆಲ್ಬರ್ನ್ ಸ್ಟಾರ್ಮ್ ಹಗರಣ ಅಂದರೆ ಇಷ್ಟು ದೊಡ್ಡದಾ?

ಈ ಆಟದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. 2000ದ ದಶಕದ ಕೊನೆಯಲ್ಲಿ ಸ್ಟಾರ್ಮ್ ಅಂದರೆ ಎಲ್ಲರಿಗೂ ಭಯ. ಕೋಚ್ ಕ್ರೇಗ್ ಬೆಲಮಿ. ಆಟಗಾರರು ಕ್ಯಾಮರೂನ್ ಸ್ಮಿತ್, ಬಿಲ್ಲಿ ಸ್ಲೇಟರ್, ಕೂಪರ್ ಕ್ರಾಂಕ್, ಗ್ರೆಗ್ ಇಂಗ್ಲಿಸ್. 2006ರಿಂದ 2009ರ ತನಕ ನಾಲ್ಕು ವರ್ಷವೂ ಫೈನಲ್. 2007ರಲ್ಲಿ ಮ್ಯಾನ್ಲಿಯನ್ನು 34-8ರಿಂದ, 2009ರಲ್ಲಿ ಪ್ಯಾರಾಮಟಾವನ್ನು 23-16ರಿಂದ ಸೋಲಿಸಿ ಎರಡು ಕಪ್. ಇಷ್ಟೊಂದು ತಾರೆಗಳನ್ನು ಕ್ಯಾಪ್ ಒಳಗೆ ಹೇಗೆ ಇಟ್ಟುಕೊಂಡಿದ್ದಾರಪ್ಪಾ ಅಂತ ಎಲ್ಲರೂ ಕೇಳುತ್ತಿದ್ದರು. ಒಳ್ಳೆ ವಾತಾವರಣ, ಒಳ್ಳೆ ಕೋಚ್, ಕಡಿಮೆ ಸಂಬಳಕ್ಕೂ ಉಳಿಯುತ್ತಾರೆ ಅನ್ನುವುದು ಆಗಿನ ಉತ್ತರ.

2010ರ ಏಪ್ರಿಲ್ 22ರಂದು ನಿಜವಾದ ಉತ್ತರ ಸಿಕ್ಕಿತು. ಕ್ಲಬ್‌ನಲ್ಲಿ ಎರಡು ಕಡತ ಇದ್ದವು. ಲೀಗ್‌ಗೆ ತೋರಿಸುವ ಒಪ್ಪಂದಗಳು ಒಂದು ಕಡೆ. ಜಾಸ್ತಿ ದುಡ್ಡಿನ ಭರವಸೆ ಇದ್ದ ಪತ್ರಗಳು ಬೇರೆ ಕಡೆ, ಲೀಗ್‌ನ ಲೆಕ್ಕ ಪರಿಶೋಧಕರ ಕಣ್ಣಿಗೆ ಬೀಳದ ಹಾಗೆ. ಮೊದಲ ದಿನದ ಲೆಕ್ಕದಲ್ಲಿ ಐದು ವರ್ಷಕ್ಕೆ ಸುಮಾರು 17 ಲಕ್ಷ ಡಾಲರ್ ಮೀರಿತ್ತು. ಡೆಲಾಯ್ಟ್ ಕಂಪನಿಯವರು ಕೂತು ಪೂರ್ತಿ ಕೆದಕಿದ ಮೇಲೆ ಜುಲೈನಲ್ಲಿ ಅದು 31.7 ಲಕ್ಷಕ್ಕೆ ಏರಿತು.

ಶಿಕ್ಷೆ: 2007, 2009ರ ಎರಡು ಕಪ್ ವಾಪಸ್. 2006, 2007, 2008ರಲ್ಲಿ ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಕ್ಕ ಶೀಲ್ಡ್‌ಗಳೂ ವಾಪಸ್. ಒಟ್ಟು 16.89 ಲಕ್ಷ ಡಾಲರ್ ದಂಡ. ಇದರಲ್ಲಿ 5 ಲಕ್ಷ ನೇರ ದಂಡ, 11 ಲಕ್ಷ ಬಹುಮಾನದ ದುಡ್ಡು ಉಳಿದ 15 ಕ್ಲಬ್‌ಗಳಿಗೆ, ಮಿಕ್ಕ 89,000 ವರ್ಲ್ಡ್ ಕ್ಲಬ್ ಚಾಲೆಂಜ್ ಪಂದ್ಯದಲ್ಲಿ ಸ್ಟಾರ್ಮ್ ಎದುರು ಸೋತಿದ್ದ ಇಂಗ್ಲೆಂಡಿನ ಲೀಡ್ಸ್ ಕ್ಲಬ್‌ಗೆ. ಆ ಸೀಸನ್‌ನಲ್ಲಿ ಅಲ್ಲಿಯತನಕ ಗಳಿಸಿದ್ದ 8 ಪಾಯಿಂಟ್ ರದ್ದು, ಮತ್ತು ಮುಂದೆ ಎಷ್ಟೇ ಗೆದ್ದರೂ ಸೊನ್ನೆ.

ಈ ಕೊನೆಯದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕಪ್ ಕಿತ್ತುಕೊಂಡದ್ದು ಸರಿ. ಆದರೆ ಐದು ತಿಂಗಳು ಒಂದು ತಂಡ ಪಾಯಿಂಟೇ ಇಲ್ಲದೆ ಆಡಬೇಕು ಅಂದರೆ ಅದರ ಎದುರಾಳಿಗಳಿಗೂ ಅದು ಅನ್ಯಾಯ. ಸ್ಟಾರ್ಮ್‌ಗೆ ಕಳೆದುಕೊಳ್ಳಲು ಏನೂ ಇಲ್ಲ, ಎದುರಿನವರಿಗೆ ಎಲ್ಲ ಇದೆ. ಆ ವರ್ಷ ಸ್ಟಾರ್ಮ್ ಸೋತಿದ್ದಕ್ಕಿಂತ ಜಾಸ್ತಿ ಗೆದ್ದಿತು. ಆದರೂ ಪಟ್ಟಿಯಲ್ಲಿ ಕೊನೆ.

ಕ್ಲಬ್‌ನ ಮಾಲೀಕರು ಯಾರು? ಅವರಿಗೆ ಗೊತ್ತಿರಲಿಲ್ವಾ?

ಮಾಲೀಕತ್ವ ನ್ಯೂಸ್ ಲಿಮಿಟೆಡ್‌ದು, ಮರ್ಡಾಕ್ ಅವರ ಕಂಪನಿ. ಆಗ ಎನ್‌ಆರ್‌ಎಲ್‌ನಲ್ಲಿ ಅರ್ಧ ಪಾಲೂ ಅದರದ್ದೇ. ಈ ಹಗರಣವನ್ನು ಪುಟಗಟ್ಟಲೆ ಬರೆದ ಪತ್ರಿಕೆಗಳಲ್ಲಿ ಕೆಲವೂ ಅದರದ್ದೇ! ತನಗೆ ತಿಳಿಸದೆ ಕ್ಲಬ್‌ನ ಒಳಗಿನವರು ಮಾಡಿದ್ದು ಅಂತ ಕಂಪನಿ ಹೇಳಿತು, ಕ್ಲಬ್‌ನ ಸ್ವತಂತ್ರ ನಿರ್ದೇಶಕರನ್ನು ಜುಲೈನಲ್ಲಿ ಮನೆಗೆ ಕಳಿಸಿತು. ಏನೇ ಇರಲಿ, ಲೀಗ್‌ನ ಪಾಲುದಾರನೇ ಒಂದು ತಂಡದ ಒಡೆಯನೂ ಆಗಿರುವುದು ಯಾರಿಗೂ ಒಪ್ಪಿಗೆಯಾಗುವ ವ್ಯವಸ್ಥೆ ಆಗಿರಲಿಲ್ಲ. 2012ರ ಫೆಬ್ರವರಿಯಲ್ಲಿ ಆಟವನ್ನು ನಡೆಸಲು ಸ್ವತಂತ್ರ ಆಯೋಗ ಬಂತು, ನ್ಯೂಸ್ ಲೀಗ್‌ನಿಂದ ಹೊರನಡೆಯಿತು. ಮರುವರ್ಷ ಸ್ಟಾರ್ಮ್ ಅನ್ನೂ ಮಾರಿತು.

ಕಿತ್ತುಕೊಂಡ ಕಪ್ ಅನ್ನು ಎರಡನೇ ಸ್ಥಾನದವರಿಗೆ ಯಾಕೆ ಕೊಡಲಿಲ್ಲ?

ಓಟದ ಸ್ಪರ್ಧೆಯಲ್ಲಿ ಮೊದಲು ಬಂದವನು ಔಷಧಿ ತಗೊಂಡಿದ್ದ ಅಂತ ಗೊತ್ತಾದರೆ ಎರಡನೆಯವನಿಗೆ ಚಿನ್ನ ಕೊಡಬಹುದು. ಇಲ್ಲಿ ಹಾಗಾಗುವುದಿಲ್ಲ. 2009ರ ಫೈನಲ್ಸ್ ಸರಣಿಯನ್ನೇ ತಗೊಳ್ಳಿ. ಸ್ಟಾರ್ಮ್ ಮೊದಲು ಮ್ಯಾನ್ಲಿಗೆ 40 ಪಾಯಿಂಟ್ ಹೊಡೆಯಿತು, ಆಮೇಲೆ ಬ್ರಿಸ್ಬೇನ್‌ಗೂ 40 ಹೊಡೆಯಿತು, ಕೊನೆಗೆ ಪ್ಯಾರಾಮಟಾ. ಸ್ಟಾರ್ಮ್ ಇರದಿದ್ದರೆ ಬ್ರಿಸ್ಬೇನ್ ಫೈನಲ್‌ಗೆ ಬರುತ್ತಿರಲಿಲ್ಲ ಅಂತ ಯಾರು ಹೇಳುತ್ತಾರೆ? ಹಾಗಾಗಿ 2007, 2009ರ ಎದುರಿಗೆ ದಾಖಲೆಯಲ್ಲಿ ಯಾರ ಹೆಸರೂ ಇಲ್ಲ.

ಲೆಕ್ಕಾಚಾರ ಸರಿ. ಆದರೆ ಪ್ಯಾರಾಮಟಾ ಕಡೆಯಿಂದ ನೋಡಿ. ಈ ಕ್ಲಬ್ 1986ರ ನಂತರ ಕಪ್ ಮುಟ್ಟಿಲ್ಲ. ನೇಥನ್ ಹಿಂಡ್‌ಮಾರ್ಶ್ ಅಂತ ಒಬ್ಬ ಆಟಗಾರ, ಒಂದೇ ಕ್ಲಬ್‌ಗೆ 330 ಪಂದ್ಯ ಆಡಿದವರು. ಎರಡು ಫೈನಲ್ ಆಡಿದರು. 2001ರಲ್ಲಿ ನ್ಯೂಕ್ಯಾಸಲ್ ಎದುರು 24-30ರಿಂದ ಸೋತರು. 2009ರಲ್ಲಿ ಸ್ಟಾರ್ಮ್ ಎದುರು. 2012ರಲ್ಲಿ ಕಪ್ ಇಲ್ಲದೆ ನಿವೃತ್ತರಾದರು. 2009ರ ಫೈನಲ್ ಆದ ಆರೇ ತಿಂಗಳ ಮೇಲೆ 'ಆ ಫೈನಲ್‌ನಲ್ಲಿ ನಿಮ್ಮ ಎದುರು ಇದ್ದವರು ನಿಯಮ ಮೀರಿ ಕಟ್ಟಿದ ತಂಡ' ಅಂತ ಹೇಳಿದರೆ ಅವರು ಏನು ಮಾಡಬೇಕು? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಯಿತು. ಕ್ಯಾಪ್ ಮುರಿದ ಶಿಕ್ಷೆಯ ಲೆಕ್ಕ ಎಲ್ಲರೂ ಇಡುತ್ತಾರೆ. ಮೋಸ ಹೋದವರಿಗೆ ಎಷ್ಟು ವಾಪಸ್ ಬಂತು ಅನ್ನುವ ಲೆಕ್ಕ ಯಾರೂ ಇಡುವುದಿಲ್ಲ.

ಆಟಗಾರರಿಗೆ ಗೊತ್ತಿಲ್ಲದೆ ಇರುತ್ತಾ? ದುಡ್ಡು ಅವರ ಅಕೌಂಟ್‌ಗೇ ಬರುವುದಲ್ಲವಾ?

ತನಗೆ ಎಷ್ಟು ಬರುತ್ತದೆ ಅಂತ ಆಟಗಾರನಿಗೆ ಗೊತ್ತು. ಅದರಲ್ಲಿ ಎಷ್ಟನ್ನು ಕ್ಲಬ್ ಲೀಗ್‌ಗೆ ತೋರಿಸಿದೆ ಅಂತ ಅವನಿಗೆ ಗೊತ್ತಿರಬೇಕಾಗಿಲ್ಲ. ಪಕ್ಕದಲ್ಲಿ ಕೂತ ಗೆಳೆಯನ ಸಂಬಳ ಎಷ್ಟು, ಎಲ್ಲರದ್ದು ಕೂಡಿದರೆ ಮಿತಿ ದಾಟುತ್ತದಾ ಅನ್ನುವುದಂತೂ ಅವನ ಕೈಗೆ ಸಿಗುವ ಲೆಕ್ಕವೇ ಅಲ್ಲ. ಹಾಗಂತ ಸಹಿ ಹಾಕಿದ ಎರಡನೇ ಪತ್ರ ಯಾಕೆ ಬೇಕು ಅಂತ ಕೇಳದೆ ಇರುವಷ್ಟು ಮುಗ್ಧರೂ ಯಾರೂ ಅಲ್ಲ. ಏಜೆಂಟರಂತೂ ಅಲ್ಲವೇ ಅಲ್ಲ. 20 ವರ್ಷದ ಹುಡುಗನನ್ನು ಬಿಟ್ಟು, ಅವನ ಪರವಾಗಿ ಮಾತಾಡಿ ಕಮಿಷನ್ ತಗೊಂಡವನನ್ನು ಮೊದಲು ಹಿಡಿಯಬೇಕು ಅನ್ನುವುದು ನನ್ನ ನಿಲುವು.

ಪ್ಯಾರಾಮಟಾ ತಾನೂ ಸಿಕ್ಕಿಬಿತ್ತಂತೆ, ನಿಜವಾ?

ನಿಜ. 2016ರಲ್ಲಿ. ಸ್ಟಾರ್ಮ್‌ನಿಂದ ಮೋಸಹೋದ ಅದೇ ಕ್ಲಬ್. ಲೀಗ್ ಹೇಳಿದ ಪ್ರಕಾರ 2013ರಿಂದ ಮೀರಿದ ಮೊತ್ತ 30 ಲಕ್ಷ ಡಾಲರ್‌ಗೂ ಜಾಸ್ತಿ. ಮೇಲೆ ಹೇಳಿದೆನಲ್ಲ, ಉಬ್ಬಿಸಿದ ಬಿಲ್ಲು, ಕ್ಲಬ್ಬೇ ನಿಂತು ಮಾಡಿಸಿದ ಹೊರಗಿನ ಒಪ್ಪಂದ, ಎಲ್ಲ ಇಲ್ಲಿ ಸಿಕ್ಕವು. 12 ಪಾಯಿಂಟ್ ಹೋಯಿತು, 10 ಲಕ್ಷ ಡಾಲರ್ ದಂಡ ಬಿತ್ತು, ಆ ವರ್ಷ ಗೆದ್ದಿದ್ದ ಆಕ್ಲೆಂಡ್ ನೈನ್ಸ್ (ಒಂಬತ್ತು ಜನರ ಆಟದ ಟೂರ್ನಿ) ಕಪ್ ಕೂಡ ಕೈ ಬಿಟ್ಟಿತು. ಅಧ್ಯಕ್ಷ, ಉಪಾಧ್ಯಕ್ಷ, ಸಿಇಒ ಸೇರಿ ಐದು ಜನರ ನೋಂದಣಿಯನ್ನು ಲೀಗ್ ರದ್ದು ಮಾಡಿತು.

ಈ ಕೊನೆಯ ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ. ಪಾಯಿಂಟ್ ಕಿತ್ತರೆ ನೋವಾಗುವುದು ಟಿಕೆಟ್ ಕೊಂಡ ಅಭಿಮಾನಿಗೆ, ಹೊಸದಾಗಿ ಸೇರಿದ ಆಟಗಾರನಿಗೆ. ಸಹಿ ಹಾಕಿದವನು ಆ ಹೊತ್ತಿಗೆ ಬೇರೆ ಕೆಲಸ ನೋಡಿಕೊಂಡಿರುತ್ತಾನೆ. ಹೆಸರು ಹಿಡಿದು ಹೊರಗೆ ಹಾಕಿದರೆ ಮಾತ್ರ ಮುಂದಿನವನು ಪೆನ್ನು ಹಿಡಿಯುವ ಮೊದಲು ಯೋಚಿಸುತ್ತಾನೆ.

ಒಬ್ಬೊಬ್ಬರಿಗೆ ಒಂದೊಂದು ಶಿಕ್ಷೆ ಯಾಕೆ?

ಅಭಿಮಾನಿಗಳ ದೊಡ್ಡ ಸಿಟ್ಟು ಇದೇ. 2018ರಲ್ಲಿ ಮ್ಯಾನ್ಲಿಗೆ 7.5 ಲಕ್ಷ ಡಾಲರ್ ದಂಡ ಬಿತ್ತು, ಮುಂದಿನ ಎರಡು ವರ್ಷದ ಕ್ಯಾಪ್‌ನಿಂದ 6.6 ಲಕ್ಷ ಕಡಿತ. ಪಾಯಿಂಟ್ ಒಂದೂ ಹೋಗಲಿಲ್ಲ. ಅದೇ ವರ್ಷದ ಕೊನೆಗೆ ವೆಸ್ಟ್ಸ್ ಟೈಗರ್ಸ್‌ಗೂ ಲೀಗ್ 7.5 ಲಕ್ಷ ದಂಡ ಹಾಕಿತು. ಅಲ್ಲಿನ ತಪ್ಪು ಏನು ಅಂದರೆ, ರಾಬಿ ಫರಾ ಎಂಬ ಆಟಗಾರ ಕ್ಲಬ್ ಬಿಡುವಾಗ ನಿವೃತ್ತಿಯ ನಂತರ ರಾಯಭಾರಿ ಕೆಲಸ ಕೊಡುತ್ತೇವೆ ಅಂತ ಒಪ್ಪಿಕೊಂಡು, ಅದನ್ನು ಲೀಗ್‌ಗೆ ತಿಳಿಸದೆ ಇದ್ದದ್ದು.

ಲೀಗ್ ಸಾಮಾನ್ಯವಾಗಿ ನೋಡುವುದು ಮೂರು ವಿಷಯ: ಎಷ್ಟು ಮೀರಿತು, ಬೇಕೆಂತಲೇ ಮುಚ್ಚಿಟ್ಟರಾ, ತನಿಖೆಗೆ ಸಹಕರಿಸಿದರಾ. ಸರಿಯೇ. ಆದರೆ 'ಇಷ್ಟು ಮೀರಿದರೆ ಇಷ್ಟು ಪಾಯಿಂಟ್' ಅನ್ನುವ ಪಟ್ಟಿ ಮೊದಲೇ ಇದ್ದರೆ ಅನುಮಾನಕ್ಕೆ ಜಾಗ ಕಡಿಮೆ. ಮ್ಯಾನ್ಲಿ ಉದಾಹರಣೆ ಇಟ್ಟುಕೊಂಡು ಪ್ಯಾರಾಮಟಾ ಅಭಿಮಾನಿ 'ನಮಗ್ಯಾಕೆ 12?' ಅಂತ ಕೇಳಿದರೆ ಅವನ ಬಾಯಿ ಮುಚ್ಚಿಸುವ ಉತ್ತರ ನನ್ನ ಹತ್ತಿರ ಇಲ್ಲ.

ಇಂಗ್ಲೆಂಡಿನಲ್ಲಿ ಹೇಗೆ?

ಅಲ್ಲಿ ಇನ್ನೊಂದು ಹೊರೆ ಇತ್ತು, ಹಿಂಬಡ್ತಿ. ಆಗಿನ ಪದ್ಧತಿಯಲ್ಲಿ ಕೊನೆಗೆ ಬಂದ ತಂಡ ಕೆಳಗಿನ ಲೀಗ್‌ಗೆ ಹೋಗಬೇಕಿತ್ತು. 2006ರಲ್ಲಿ ವಿಗನ್ ಎಂಬ ಹೆಸರಾಂತ ಕ್ಲಬ್ ಪಟ್ಟಿಯ ತಳದಲ್ಲಿ ಒದ್ದಾಡುತ್ತಿತ್ತು. ಸೀಸನ್ ಮಧ್ಯದಲ್ಲಿ ಬ್ರಾಡ್‌ಫರ್ಡ್‌ನಿಂದ ಸ್ಟೂವರ್ಟ್ ಫೀಲ್ಡನ್ ಅವರನ್ನು ದಾಖಲೆಯ 4.5 ಲಕ್ಷ ಪೌಂಡ್ ಕೊಟ್ಟು ತಂದಿತು. ಗೆಲ್ಲುತ್ತಾ ಹೋಗಿ ಉಳಿದುಕೊಂಡಿತು. ಕೆಳಗೆ ಹೋದದ್ದು ಕ್ಯಾಸಲ್‌ಫರ್ಡ್. ಆಮೇಲೆ ಲೆಕ್ಕ ನೋಡಿದರೆ ವಿಗನ್ ಆ ವರ್ಷ ಕ್ಯಾಪ್ ಮೀರಿತ್ತು. ಶಿಕ್ಷೆಯಾಗಿ 2007ರಲ್ಲಿ 4 ಪಾಯಿಂಟ್ ಕಡಿತ.

ಕ್ಯಾಸಲ್‌ಫರ್ಡ್‌ಗೆ? ಏನೂ ಇಲ್ಲ. ಆ ವರ್ಷ ಅವರು ಕೆಳಗಿನ ಲೀಗ್‌ನಲ್ಲಿ ಆಡುತ್ತಿದ್ದರು. ಟಿವಿ ದುಡ್ಡು ಹೋಯಿತು, ಆಟಗಾರರು ಹೋದರು. ತಪ್ಪು ನಡೆದ ವರ್ಷ ಒಂದು, ಶಿಕ್ಷೆಯ ವರ್ಷ ಇನ್ನೊಂದು ಆದರೆ ಹೀಗೇ ಆಗುವುದು.

ಹತ್ತು ವರ್ಷದ ಮೇಲೆ ಸಾಲ್ಫರ್ಡ್ ಕ್ಲಬ್‌ಗೆ 2014, 2015ರ ತಪ್ಪಿಗೆ 2016ರಲ್ಲಿ 6 ಪಾಯಿಂಟ್ ಹೋಯಿತು. ಕೊನೆಗೆ ಉಳಿಯುವುದೋ ಇಳಿಯುವುದೋ ಅನ್ನುವ ಒಂದೇ ಪಂದ್ಯದಲ್ಲಿ ಹೆಚ್ಚುವರಿ ಸಮಯದಲ್ಲಿ ಒಂದೇ ಒಂದು ಪಾಯಿಂಟ್‌ನಿಂದ, 19-18ರಲ್ಲಿ, ಹಲ್ ಕೆಆರ್ ಅನ್ನು ಸೋಲಿಸಿ ಉಳಿಯಿತು.

ಯೂನಿಯನ್‌ನಲ್ಲಿ ಸಾರಸೆನ್ಸ್ ಕ್ಲಬ್‌ನ ಕಥೆ ನೀವು ಕೇಳಿರಬಹುದು. 2019ರಲ್ಲಿ 35 ಪಾಯಿಂಟ್ ಕಡಿತ, 53.6 ಲಕ್ಷ ಪೌಂಡ್ ದಂಡ, ಆಮೇಲೂ ಲೆಕ್ಕ ಸರಿಹೋಗದೆ ಹಿಂಬಡ್ತಿ. ಆದರೆ ಅವರು ಗೆದ್ದ ಕಪ್‌ಗಳು ಅವರ ಹತ್ತಿರವೇ ಉಳಿದವು. ಮೆಲ್ಬರ್ನ್‌ನವರು ಇದನ್ನು ಆಗಾಗ ನೆನಪಿಸುತ್ತಾರೆ.

ನಾವೇ ಬೆಳೆಸಿದ ಹುಡುಗನನ್ನು ಕ್ಯಾಪ್ ಕಾರಣಕ್ಕೆ ಬಿಟ್ಟುಕೊಡಬೇಕು ಅನ್ನುವುದು ನ್ಯಾಯವಾ?

ಕ್ಯಾಪ್ ವಿರುದ್ಧ ಇರುವ ಗಟ್ಟಿ ವಾದ ಇದೇ. 13ನೇ ವಯಸ್ಸಿನಲ್ಲಿ ಗುರುತಿಸಿ, ಕಲಿಸಿ, ಆಡಿಸಿ ದೊಡ್ಡವನನ್ನಾಗಿ ಮಾಡುತ್ತೀರಿ. ಅವನು ಚೆನ್ನಾಗಿ ಆಡಿದಷ್ಟೂ ಬೆಲೆ ಏರುತ್ತದೆ. ಏರಿದಾಗ ನಿಮ್ಮ ಕೈಯಲ್ಲಿ ದುಡ್ಡಿದ್ದರೂ ಕೊಡುವ ಹಾಗಿಲ್ಲ. ಸ್ಟಾರ್ಮ್ ಪರವಾಗಿ ಮಾತಾಡುವವರು ಹೇಳುವುದೂ ಇದನ್ನೇ: ಆ ತಾರೆಗಳು ಬೇರೆಯವರಿಂದ ಕದ್ದವರಲ್ಲ, ನಾವೇ ಬೆಳೆಸಿದವರು. 2010ರ ಕೊನೆಗೆ ಲೆಕ್ಕ ಸರಿಮಾಡಲು ಇಂಗ್ಲಿಸ್, ಹಾಫ್‌ಮನ್, ಬ್ರೆಟ್ ವೈಟ್ ಮುಂತಾದವರನ್ನು ಬಿಡಬೇಕಾಯಿತು. ಇಂಗ್ಲಿಸ್ 2014ರಲ್ಲಿ ಸೌತ್ ಸಿಡ್ನಿಗೆ ಕಪ್ ಗೆದ್ದುಕೊಟ್ಟರು.

ಬೆಳೆಸಿದ ಕ್ಲಬ್‌ಗೆ ಇನ್ನೂ ದೊಡ್ಡ ರಿಯಾಯಿತಿ ಕೊಡಬೇಕು ಅಂತ ನಾನೂ ಒಪ್ಪುತ್ತೇನೆ. ಆದರೆ ಅದನ್ನು ಸಭೆಯಲ್ಲಿ ಕೇಳಿ ನಿಯಮ ಬದಲಿಸಬೇಕು. ಗುಟ್ಟಾಗಿ ತಾನೇ ರಿಯಾಯಿತಿ ತಗೊಂಡರೆ, ತನ್ನ ಹುಡುಗನನ್ನು ಅಳುತ್ತಾ ಬಿಟ್ಟುಕೊಟ್ಟ ಇನ್ನೊಂದು ಕ್ಲಬ್‌ನ ಪಾಡೇನು?

ಕೊನೆಗೂ ಕ್ಯಾಪ್‌ನಿಂದ ಪೈಪೋಟಿ ಸಮ ಆಯ್ತಾ?

ಬಹಳ ಮಟ್ಟಿಗೆ ಆಯ್ತು. ಬ್ರಿಸ್ಬೇನ್ 1992, 1993ರಲ್ಲಿ ಸತತ ಎರಡು ಬಾರಿ ಗೆದ್ದ ಮೇಲೆ, ಒಗ್ಗಟ್ಟಾದ ಲೀಗ್‌ನಲ್ಲಿ (1997ರಲ್ಲಿ ಲೀಗ್ ಎರಡಾಗಿ ಒಡೆದಿತ್ತು) ಮತ್ತೆ ಆ ಸಾಧನೆ ಆದದ್ದು 2018, 2019ರಲ್ಲಿ, ಸಿಡ್ನಿ ರೂಸ್ಟರ್ಸ್‌ನಿಂದ. ನಡುವೆ 2013ರಿಂದ 2017ರ ತನಕ ಐದು ವರ್ಷಕ್ಕೆ ಐದು ಬೇರೆ ಬೇರೆ ತಂಡಗಳು ಗೆದ್ದವು. ಕ್ರೊನುಲ್ಲಾದಂಥ ಕ್ಲಬ್ 2016ರಲ್ಲಿ ತನ್ನ ಮೊದಲ ಕಪ್ ಎತ್ತಿತು.

ಆಮೇಲೆ ಪೆನ್‌ರಿತ್ ಬಂತು. 2021ರಿಂದ 2024, ಸತತ ನಾಲ್ಕು. ಕ್ಯಾಪ್ ಸತ್ತಿತು ಅಂದರು ಕೆಲವರು. ನನಗೆ ಹಾಗನಿಸುವುದಿಲ್ಲ. ಪೆನ್‌ರಿತ್ ಪ್ರತಿ ವರ್ಷ ದೊಡ್ಡ ಆಟಗಾರರನ್ನು ಬಿಟ್ಟುಕೊಡುತ್ತಲೇ ಹೋಯಿತು: ಕಿಕಾವ್, ಕೊರೊಯಿಸಾವ್, ಕ್ರೈಟನ್, ಲುವಾಯ್, ಫಿಶರ್-ಹ್ಯಾರಿಸ್. ಸಿಡ್ನಿಯ ಪಶ್ಚಿಮದ ಉಪನಗರಗಳಲ್ಲಿ ರಗ್ಬಿ ಲೀಗ್ ಆಡುವ ಮಕ್ಕಳು ಲೆಕ್ಕವಿಲ್ಲದಷ್ಟಿದ್ದಾರೆ. ಒಬ್ಬ ಹೋದರೆ ಇನ್ನೊಬ್ಬ ಕೆಳಗಿನಿಂದ ಬರುತ್ತಿದ್ದ. ಕ್ಯಾಪ್ ಕೊಳ್ಳುವ ಶಕ್ತಿಯನ್ನು ಸಮ ಮಾಡುತ್ತದೆ, ಕಲಿಸುವ ಶಕ್ತಿಯನ್ನಲ್ಲ. ಮಾಡಲೂಬಾರದು.

ಸಂಬಳವನ್ನೆಲ್ಲ ಬಹಿರಂಗ ಮಾಡಿಬಿಟ್ಟರೆ ಮುಗೀತಲ್ವಾ?

ಅಮೆರಿಕದ ಲೀಗ್‌ಗಳಲ್ಲಿ ಯಾರ ಸಂಬಳ ಎಷ್ಟು ಅಂತ ಎಲ್ಲರಿಗೂ ಗೊತ್ತು. ಅಲ್ಲಿನ ಅಭಿಮಾನಿಗಳೇ ಅರ್ಧ ಆಡಿಟರ್‌ಗಳು. ಎನ್‌ಆರ್‌ಎಲ್‌ನಲ್ಲಿ ಖಾಸಗಿತನದ ಮಾತು ಅಡ್ಡ ಬರುತ್ತದೆ. ನನ್ನ ಮತ ಬಹಿರಂಗಕ್ಕೇ. ಎರಡನೇ ಪತ್ರವನ್ನು ಅದು ತಡೆಯಲಿಕ್ಕಿಲ್ಲ. ಆದರೆ 10 ಲಕ್ಷದ ಆಟಗಾರ 4 ಲಕ್ಷಕ್ಕೆ ಆಡುತ್ತಿದ್ದಾನೆ ಅಂತ ಪಟ್ಟಿಯಲ್ಲಿ ಕಂಡರೆ ಎದುರಾಳಿ ಕ್ಲಬ್‌ಗಳು ಸುಮ್ನೆ ಕೂರುವುದಿಲ್ಲ.

ಐಪಿಎಲ್‌ನಲ್ಲಿ ಇಂಥದ್ದು ನಡೆದಿದೆಯಾ?

ಇದೇ ಥರದ್ದು ಅಲ್ಲ, ಹತ್ತಿರದ್ದು ಒಂದಿದೆ. 2010ರಲ್ಲಿ ರವೀಂದ್ರ ಜಡೇಜಾ ರಾಜಸ್ಥಾನ ಬಿಟ್ಟು ಬೇರೆ ಫ್ರಾಂಚೈಸಿ ಜೊತೆ ನೇರವಾಗಿ ಮಾತುಕತೆಗೆ ಹೋದರು ಅಂತ ಒಂದು ಸೀಸನ್ ಹೊರಗೆ ಕೂರಬೇಕಾಯಿತು. ಮೆಲ್ಬರ್ನ್‌ನಲ್ಲಿ ಆಟಗಾರರು ಆಡಿದರು, ಕ್ಲಬ್‌ನ ಕಪ್ ಹೋಯಿತು. ಇಲ್ಲಿ ಆಟಗಾರನೇ ಕೂತ.

ಮುಂದೆ ಯಾವ ಜಗಳ ಬರಬಹುದು?

ಪಾಪುವಾ ನ್ಯೂಗಿನಿ. ಅಲ್ಲಿನ ತಂಡ 2028ರಲ್ಲಿ ಎನ್‌ಆರ್‌ಎಲ್‌ಗೆ ಸೇರಬೇಕು. ಆಸ್ಟ್ರೇಲಿಯಾ ಸರ್ಕಾರವೇ ಇದಕ್ಕೆ ಹತ್ತು ವರ್ಷಕ್ಕೆ 60 ಕೋಟಿ ಡಾಲರ್ ಇಟ್ಟಿದೆ. ಪೋರ್ಟ್ ಮೊರೆಸ್ಬಿಗೆ ಹೋಗಿ ನೆಲೆಸಲು ತಾರೆಗಳನ್ನು ಒಪ್ಪಿಸುವುದು ಸುಲಭ ಅಲ್ಲ. ಅದಕ್ಕೆ ಅಲ್ಲಿನ ಸರ್ಕಾರ ಆಟಗಾರರ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಅಂದಿದೆ. ಲೆಕ್ಕ ಹಾಕಿ: ಸಿಡ್ನಿಯಲ್ಲಿ 10 ಲಕ್ಷ ಡಾಲರ್ ಸಂಬಳದವನಿಗೆ ಅರ್ಧದ ಹತ್ತಿರ ತೆರಿಗೆಗೇ ಹೋಗುತ್ತದೆ. ಅಲ್ಲಿ ಅಷ್ಟೂ ಕೈಗೆ. ಕ್ಯಾಪ್ ಪಟ್ಟಿಯಲ್ಲಿ ಮಾತ್ರ ಇಬ್ಬರ ಎದುರೂ ಅದೇ 10 ಲಕ್ಷ. ಇದರಲ್ಲಿ ಗುಟ್ಟಿಲ್ಲ, ಸುಳ್ಳು ಬಿಲ್ಲಿಲ್ಲ, ಎಲ್ಲ ಕಾನೂನು ಪ್ರಕಾರವೇ. ಆದರೂ ಸಿಡ್ನಿಯ ಕ್ಲಬ್‌ಗಳು ಈಗಲೇ ಗೊಣಗಲು ಶುರು ಮಾಡಿವೆ.